ಸೇತುವೆ ಕಾಯುತ್ತಿದ್ದ ಗೆಪ್ಕೆ ಈಗ ಬೀರು ಕಾಯುತ್ತಾರೆ

ಪೂರ್ವದಲ್ಲಿ ಬೆಳಕು ಹರಿಯುವ ಹೊತ್ತಿಗೆ ಆಲ್ಡೆಸೀಲ್ ಊರಿನಲ್ಲಿ ಎಚ್ಚರವಾಗಿರುವವರು ಕಡಿಮೆ. ಕಾಲುವೆಯ ಬಾತುಗಳು ಎದ್ದಿವೆ. ಹಾಲಿನ ಟ್ಯಾಂಕರ್ ಓಡಿಸುವ ಮೈಂಡರ್ಟ್ ಹೂಕ್ಸ್ಮಾ ಎದ್ದಿದ್ದಾರೆ. ಅವರ ಮನೆಯ ಮುಂಬಾಗಿಲ ಪಕ್ಕದ ಮೀಟರ್ ಬೀರುವಿನೊಳಗೆ ಗೆಪ್ಕೆ ಸೈಟ್ಸೆಮಾ ಅರ್ಧ ದೇಹ ತೂರಿಸಿಕೊಂಡು ಮಂಡಿಯೂರಿದ್ದಾರೆ. ಹೊರಗೆ ಕಾಣುತ್ತಿರುವುದು ಉಣ್ಣೆಯ ಕಾಲುಚೀಲ ಹಾಕಿದ ಎರಡು ಪಾದ, ಪಕ್ಕದಲ್ಲಿ ಒಂದೇ ಒಂದು ಪುಟ್ಟ ಮರದ ಪಾದರಕ್ಷೆ. ಅದರೊಳಗೆ ಕಾಲಿಲ್ಲ, ತಿರುಪುಮೊಳೆಗಳಿವೆ.

ನಮ್ಮ ಫ್ರೀಸ್‌ಲಾಂಡ್ ಸೀಮೆಯ ಮೀಟರ್ ಬೀರು ಎಂದರೆ ಸಾಮಾನ್ಯ ಸಂಗತಿಯಲ್ಲ. ವಿದ್ಯುತ್ತು, ನೀರು, ಗ್ಯಾಸು, ಇಂಟರ್‌ನೆಟ್ಟಿನ ತಂತಿ, ಜೊತೆಗೆ ಕಳೆದ ಶತಮಾನದಿಂದ ಯಾರೂ ತೆಗೆಯದ ಒಂದು ಕೊಡೆ, ಇಷ್ಟೂ ಅದರೊಳಗೆ ಉಸಿರು ಬಿಗಿಹಿಡಿದು ನಿಂತಿರುತ್ತವೆ. ಅಲ್ಲಿ ಯಾರಾದರೂ ಸೀನಿದರೆ ಇಡೀ ಬೀದಿಯ ದೀಪ ಆರುತ್ತದೆ. ಅಂಥ ಬೀರುವಿನಲ್ಲಿ ಗೆಪ್ಕೆ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸುತ್ತಿದ್ದಾರೆ. ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡದು. ಯಾವುದೋ ಕಚೇರಿ ಹೊರಗೆಸೆದ ಕಂಪ್ಯೂಟರು. ಅದಕ್ಕೆ ಹೆಚ್ಚಿನ ಎರಡು ತಂತಿಗಂಡಿ ಸಿಕ್ಕಿಸಿ, ಹಳೆಯದನ್ನೆಲ್ಲ ಅಳಿಸಿ, ಲೋಕಕ್ಕೆಲ್ಲ ಉಚಿತವಾಗಿ ಸಿಗುವ, ಒಳಗಿನ ಬರಹವನ್ನೂ ತೆರೆದಿಟ್ಟ ಒಂದು ತಂತ್ರಾಂಶ ತುಂಬಿ ತಂದಿದ್ದಾರೆ. ಇನ್ನು ಮುಂದೆ ಈ ಮನೆಗೆ ಬರುವ ಪ್ರತಿ ಸುದ್ದಿಯೂ, ಮನೆಯಿಂದ ಹೊರಡುವ ಪ್ರತಿ ಸುದ್ದಿಯೂ ಈ ಪೆಟ್ಟಿಗೆಯ ಅಪ್ಪಣೆ ಕೇಳಿಯೇ ಹೋಗಬೇಕು. ಬಲ್ಲವರು ಇದನ್ನು ಫೈರ್‌ವಾಲ್ ಎನ್ನುತ್ತಾರೆ. ನಮ್ಮೂರಲ್ಲಿ ಇದಕ್ಕೆ ‘ಗೆಪ್ಕೆ’ ಎಂದೇ ಹೆಸರು. “ನಿಮ್ಮನೇಲಿ ಗೆಪ್ಕೆ ಇದೆಯಾ?” ಎಂದು ಕೇಳುತ್ತಾರೆ.

ಈ ಕೆಲಸಕ್ಕೆ ನಸುಕೇ ಬೇಕು. ಇಂಟರ್‌ನೆಟ್ ನಿಂತಿತೆಂದು ಬೊಬ್ಬೆ ಹೊಡೆಯುವವರೆಲ್ಲ ಆಗ ಮಲಗಿರುತ್ತಾರೆ. “ಹಗಲು ಹೊತ್ತು ತಂತಿ ಕಿತ್ರೆ ಮನೆಯವರು ನನ್ನನ್ನೇ ಕಾಲುವೆಗೆ ಹಾಕ್ತಾರೆ” ಎನ್ನುತ್ತದೆ ಬೀರುವಿನೊಳಗಿನ ದನಿ.

ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು. ಒಂದಷ್ಟು ಓಡುತ್ತದೆ, ನಿಲ್ಲುತ್ತದೆ. ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಮೈಂಡರ್ಟರ ಹೆಂಡತಿ ತ್ರೀನ್ ಹಾಯಿ ಹೊಲಿಯುತ್ತಿದ್ದಾರೆ. ಕಿಟಕಿಗೆ ದಪ್ಪ ಪರದೆ ಎಳೆದಿದೆ. ದೀಪದ ಬೆಳಕಿನಲ್ಲಿ ಕಂದು ಬಟ್ಟೆಯ ಮೇಲೆ ಕಂದು ದಾರ ಕಾಣದೆ ಹತ್ತು ಹೊಲಿಗೆಗೊಮ್ಮೆ ಬಗ್ಗಿ ನೋಡಬೇಕಾಗುತ್ತದೆ.

ಈ ಪರದೆಯೇ ಇಷ್ಟಕ್ಕೆಲ್ಲ ಕಾರಣ.

ನಮ್ಮೂರಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ಬೀದಿಗೆ ಮುಖ ಮಾಡಿದ ದೊಡ್ಡ ಕಿಟಕಿ, ಅದರೊಳಗೆ ದೀಪ, ಊಟದ ಮೇಜು, ಬೆಕ್ಕು, ಕುರ್ಚಿಯಲ್ಲಿ ತೂಕಡಿಸುವ ಯಜಮಾನ, ಎಲ್ಲವೂ ಕಾಣುತ್ತವೆ. ಆದರೆ ಹಾದುಹೋಗುವವರು ಒಳಗೆ ನೋಡುವುದಿಲ್ಲ. ಇದು ಎಷ್ಟು ಗಟ್ಟಿಯಾದ ಶಿಸ್ತೆಂದರೆ, ಒಮ್ಮೆ ಒಂದು ಮನೆಯ ಮುಂಗೋಣೆಗೆ ಹಸು ನುಗ್ಗಿ ಸೋಫಾದ ಮೇಲೆ ಕೂತಿದ್ದರೂ ಬೀದಿಯಲ್ಲಿ ಹೋದ ನಲವತ್ತು ಸೈಕಲ್ಲುಗಳಲ್ಲಿ ಒಂದೂ ನಿಧಾನಿಸಲಿಲ್ಲ ಎಂದು ಹೇಳುತ್ತಾರೆ. ತ್ರೀನ್ ಮೂವತ್ತು ವರ್ಷದಿಂದ ಆ ಕಿಟಕಿಯ ಮುಂದೆ ಕೂತು ಹೊಲಿಯುತ್ತಿದ್ದವರು. ಜನ ಗಡಿಯಾರ ನೋಡುವುದು ಬಿಟ್ಟು ಅವರ ನೆರಳು ಕಂಡರೆ ‘ಓ, ಎಂಟಾಯಿತು’ ಎನ್ನುತ್ತಿದ್ದರು. ಯಾರೂ ಒಳಗೆ ನೋಡುವುದಿಲ್ಲವಲ್ಲ, ನೆರಳು ಹೇಗೆ ಕಂಡಿತು ಎಂದು ಕೇಳಬಾರದು.

ಈ ಚಳಿಗಾಲ ಒಂದು ಮಧ್ಯಾಹ್ನ ಆ ಕೋಣೆಯ ಕಪಾಟಿನ ಮೇಲಿದ್ದ ಪುಟ್ಟ ಕ್ಯಾಮೆರಾ ಮಾತಾಡಿತು. ಬೊಂಕ್ ಎಂಬ ಮುದಿನಾಯಿಯನ್ನು ಒಂಟಿಯಾಗಿ ಬಿಟ್ಟು ಹೋದಾಗ ನೋಡಿಕೊಳ್ಳಲೆಂದು ಇಟ್ಟ ಕ್ಯಾಮೆರಾ. “ನೀಲಿ ಸ್ವೆಟರ್ ಚೆನ್ನಾಗೊಪ್ಪುತ್ತೆ” ಎಂದಿತು, ಯಾರದೋ ಗಂಡಸಿನ ದನಿ. ಆಮೇಲೆ ನಕ್ಕಿತು. ತ್ರೀನ್ ಅಂದು ನೀಲಿ ಸ್ವೆಟರ್ ತೊಟ್ಟಿದ್ದರು.

ಆ ಸಂಜೆಯೇ ಕ್ಯಾಮೆರಾ ತಂತಿಯಿಂದ ಕಿತ್ತು ಉಣ್ಣೆಯ ಕಾಲುಚೀಲದೊಳಗೆ ಸೇರಿತು. ಕಾಲುಚೀಲ ಸೌದೆಗೂಡಿಗೆ ಹೋಯಿತು. ಪರದೆ ಬಂತು. ಬಂದ ಪರದೆ ಹೋಗಲಿಲ್ಲ.

“ಕ್ಯಾಮೆರಾ ತೆಗೆದಾಯ್ತಲ್ಲ, ಇನ್ನೇನು ಅಂತ ಇವರು ಕೇಳ್ತಾರೆ” ಎಂದು ತ್ರೀನ್ ಗಂಡನ ಕಡೆ ಗದ್ದ ಎತ್ತುತ್ತಾರೆ. “ಟಿವಿ ಇದೆ. ಬಾಗಿಲ ಗಂಟೆ ಇದೆ. ಬಟ್ಟೆ ಒಗೆಯೋ ಮಷೀನೂ ವೈಫೈ ಕೇಳುತ್ತೆ! ಯಾವುದಕ್ಕೆ ಕಣ್ಣಿದೆ, ಯಾವುದಕ್ಕೆ ಕಿವಿ ಇದೆ, ನಂಗೇನು ಗೊತ್ತು? ಆ ಕುರ್ಚಿ ಮೇಲೆ ಕೂತ್ರೆ ಬೆನ್ನು ಜುಮ್ ಅನ್ನುತ್ತೆ.”

ತ್ರೀನ್ ಹೊಲಿಯುತ್ತಿರುವುದು ಊರಿನ ಸ್ಕೂಟ್ಸೆಯ ದೊಡ್ಡ ಹಾಯಿ. ಸ್ಕೂಟ್ಸೆ ಎಂದರೆ ಚಪ್ಪಟೆ ತಳದ ಹಳೆಯ ಸರಕುದೋಣಿ. ಬೇಸಿಗೆಯಲ್ಲಿ ಊರೂರಿನ ಸ್ಕೂಟ್ಸೆಗಳು ಸರೋವರದ ಮೇಲೆ ಪಂದ್ಯಕ್ಕೆ ಬೀಳುತ್ತವೆ. ಹೋದ ವರ್ಷ ನಾವು ಪಕ್ಕದೂರಿಗೆ ಒಂದು ಮೂಗಿನಷ್ಟು ಅಂತರದಲ್ಲಿ ಸೋತೆವು, ಅದೂ ಅವರ ನಾಯಕನ ಮೂಗು ಉದ್ದವಿದ್ದ ಕಾರಣಕ್ಕೆ. ಈ ವರ್ಷದ ಹಾಯಿ ತ್ರೀನರ ಕೈಯಲ್ಲಿದೆ. ಆದರೆ ಪರದೆಯ ಹಿಂದೆ ಕೂತು ಹೊಲಿದ ಹೊಲಿಗೆಯಲ್ಲಿ ಅರ್ಧವನ್ನು ಅವರು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾರೆ. ಈ ಕೆಲಸ ಬೇರೆಯವರಿಗೆ ಕೊಟ್ಟುಬಿಡುತ್ತೇನೆ, ಯಂತ್ರವನ್ನೂ ಮಾರಿಬಿಡುತ್ತೇನೆ ಎಂದು ಹೋದ ವಾರ ಹೇಳಿದ್ದಾರೆ. ಮೈಂಡರ್ಟ್ ಆ ಸಂಜೆಯೇ ಗೆಪ್ಕೆಯ ಬಾಗಿಲು ತಟ್ಟಿದರು.

ಗೆಪ್ಕೆ ಯಾರೆಂದು ಈ ಕಾಲುವೆಯ ಮೇಲೆ ತೇಲಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಊರ ನಡುವಿನ ಎತ್ತುಸೇತುವೆಯನ್ನು ಕಾಯುತ್ತಿದ್ದವರು. ದೋಣಿ ಬಂದರೆ ಗಂಟೆ ಬಾರಿಸಿ, ರಸ್ತೆಗೆ ಅಡ್ಡಗಂಬ ಇಳಿಸಿ, ಸೇತುವೆ ಎತ್ತುವುದು. ದೋಣಿ ಹಾಯುವಾಗ ಗಾಳದ ಕೋಲಿಗೆ ಕಟ್ಟಿದ ಮರದ ಪಾದರಕ್ಷೆಯನ್ನು ಅದರ ಮೇಲಕ್ಕೆ ಬೀಸಿ ಅದರೊಳಗೆ ಸುಂಕ ಹಾಕಿಸಿಕೊಳ್ಳುವುದು. ಗೆಪ್ಕೆಯ ಬೀಸು ಎಷ್ಟು ನೇರವೆಂದರೆ, ಬಿರುಗಾಳಿಯಲ್ಲೂ ಆ ಪಾದರಕ್ಷೆ ನಾವಿಕನ ಅಂಗೈಗೇ ಇಳಿಯುತ್ತಿತ್ತು, ನಾವಿಕ ಅಂಗೈ ಚಾಚುವ ಮೊದಲೇ. “ಸುಳ್ಳು, ಒಬ್ಬನ ಟೋಪಿ ಹಾರಿಸಿದ್ದೆ” ಎಂದು ಗೆಪ್ಕೆ ತಿದ್ದುತ್ತಾರೆ.

ಆಮೇಲೆ ಸೇತುವೆಯ ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾ ಬಂದವು. ದೂರದ ಪಟ್ಟಣದ ಕೊಠಡಿಯೊಂದರಲ್ಲಿ ಯಾರೋ ಕಂಪ್ಯೂಟರಿನ ಪರದೆ ನೋಡಿಕೊಂಡು ಗುಂಡಿ ಒತ್ತಿದರೆ ನಮ್ಮೂರ ಸೇತುವೆ ಏಳತೊಡಗಿತು. ಸುಂಕವೂ ಹೋಯಿತು, ಕಾವಲಿನ ಗುಡಿಸಲಿಗೂ ಬೀಗ ಬಿತ್ತು. ಗೆಪ್ಕೆಗೆ ಒಂದು ಹೂಗುಚ್ಛ, ಒಂದು ಕೇಕು ಸಿಕ್ಕಿದವು.

“ಮೊದಲ ಚಳಿಗಾಲ ಕಷ್ಟ ಆಯ್ತು. ದೋಣಿಯ ಕೊಂಬು ಕೇಳಿದ್ರೆ ಊಟ ಬಿಟ್ಟು ಎದ್ದುಬಿಡ್ತಿದ್ದೆ. ಬಾಗಿಲ ತನಕ ಹೋಗಿ ವಾಪಸ್ ಬರೋದು. ಸೂಪ್ ಆರಿರೋದು. ಕೈಗೆ ಕೆಲಸ ಇಲ್ದೆ ಹೋದ್ರೆ ನಾನು ಮನುಷ್ಯಳೇ ಅಲ್ಲ. ಗ್ರಂಥಾಲಯದಲ್ಲಿ ಶನಿವಾರ ಶನಿವಾರ ಕೆಟ್ಟ ಸಾಮಾನು ರಿಪೇರಿ ಮಾಡೋ ಗುಂಪಿದೆಯಲ್ಲ, ಅಲ್ಲಿ ಹೋಗಿ ಕೂತೆ. ಯಾರೋ ಈ ಫೈರ್‌ವಾಲ್ ಅಂದ್ರೆ ಏನು ಅಂತ ಹೇಳ್ತಿದ್ರು. ಯಾವ ಕಡೆಯಿಂದ ಬಂತು, ಎಲ್ಲಿಗೆ ಹೋಗುತ್ತೆ, ಬಿಡಲಾ, ನಿಲ್ಲಿಸಲಾ ಅಂತ. ಅಯ್ಯೋ ಮಾರಾಯ್ರೇ, ಇದು ನನ್ನ ಸೇತುವೇನೇ ಅಲ್ವಾ ಅಂದೆ!”

ಅಲ್ಲಿಂದೀಚೆಗೆ ಗೆಪ್ಕೆ ಕೂರಿಸಿದ ಪೆಟ್ಟಿಗೆಗಳಿಗೆ ಲೆಕ್ಕವಿಲ್ಲ. ನಮ್ಮೂರಲ್ಲಿ ಪೆಟ್ಟಿಗೆ ಇಲ್ಲದ ಮನೆ ಹುಡುಕಲು ದೀಪ ಹಿಡಿದು ಹೊರಟವರು ಇನ್ನೂ ವಾಪಸಾಗಿಲ್ಲ. “ಹತ್ತೊಂಬತ್ತು ಮನೆ” ಎನ್ನುತ್ತಾರೆ ಗೆಪ್ಕೆ, ಒಣದನಿಯಲ್ಲಿ. ಒಂದೊಂದು ಮನೆಯ ಬಾಗಿಲನ್ನೂ ಹೊರಗಿನಿಂದ ದಿನಕ್ಕೆ ಹತ್ತು ಲಕ್ಷ ಸಲ ತಳ್ಳುತ್ತಾರಂತಲ್ಲ ಎಂದರೆ ಅದಕ್ಕೂ ತಲೆಯಾಡಿಸುತ್ತಾರೆ. “ಸಾವಿರಗಟ್ಟಲೆ ಅನ್ನಿ, ಸಾಕು. ಮನುಷ್ಯರಲ್ಲ, ಯಂತ್ರಗಳು. ಲೋಕದ ಎಲ್ಲ ಬಾಗಿಲನ್ನೂ ತಳ್ತಾ ಹೋಗ್ತವೆ. ತೆರೆದಿದ್ದು ಸಿಕ್ಕರೆ ಯಜಮಾನನಿಗೆ ಹೇಳ್ತವೆ.” ತ್ರೀನರ ಮನೆಗೆ ಇಂಟರ್‌ನೆಟ್ ಕಂಪನಿ ಕೊಟ್ಟಿದ್ದ ಹಳೆಯ ಪೆಟ್ಟಿಗೆ ಅಂಥ ಬಾಗಿಲೊಂದನ್ನು ತೆರೆದಿಟ್ಟಿತ್ತು. ತೆರೆ ಎಂದು ಕೇಳಿದ್ದು ಕ್ಯಾಮೆರಾ. ಯಾಕೆ ಎಂದು ಕೇಳದೆ ತೆರೆದದ್ದು ಪೆಟ್ಟಿಗೆ. ಕ್ಯಾಮೆರಾದ ಗುಪ್ತಪದವೋ, ಕಾರ್ಖಾನೆಯಿಂದ ಬಂದಾಗ ಇದ್ದದ್ದೇ.

ಆರೂವರೆಯ ಹೊತ್ತಿಗೆ ಗೆಪ್ಕೆ ಬೀರುವಿನಿಂದ ಹೊರಗೆ ಬರುತ್ತಾರೆ. ಬೆನ್ನು ನೆಟ್ಟಗಾಗುವಾಗ ಹಳೆಯ ಸೇತುವೆಯಂತೆಯೇ ಕಿರುಗುಟ್ಟುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಕಾಫಿ, ಸಕ್ಕರೆ ಬ್ರೆಡ್ಡು. ನಮ್ಮೂರ ಸಕ್ಕರೆ ಬ್ರೆಡ್ಡಿನ ಒಂದು ಹೋಳಿಗೆ ಬೆಣ್ಣೆ ಹಚ್ಚಿ ತಿಂದವನು ಎದುರುಗಾಳಿಯಲ್ಲಿ ಸೈಕಲ್ ಹೊಡೆದು ಡೆನ್ಮಾರ್ಕ್ ತಲುಪಿ, ಹಸಿವಿಲ್ಲದೆ ವಾಪಸ್ ಬರಬಲ್ಲ. ಗೆಪ್ಕೆ ಎರಡು ಹೋಳು ತಿನ್ನುತ್ತಾರೆ.

“ಅಲ್ವೇ ಗೆಪ್ಕೆ, ಈ ಬೀಗದ ಒಳಗೇನಿದೆ ಅಂತ ಯಾರು ಬೇಕಾದ್ರೂ ನೋಡಬಹುದಂತೆ. ಎಲ್ಲರಿಗೂ ಕಾಣೋ ಬೀಗ, ಅದೆಂಥ ಬೀಗವೇ?” ತ್ರೀನ್ ಕೈ ಕಟ್ಟಿಕೊಂಡು ನಿಂತಿದ್ದಾರೆ.

“ನಿನ್ನ ಹಾಯಿಯ ಹೊಲಿಗೆ ಎಲ್ಲರಿಗೂ ಕಾಣಲ್ವೇನೇ? ಒಂದು ಕೆಟ್ಟ ಹೊಲಿಗೆ ಇದ್ರೆ ದಂಡೆ ಮೇಲೆ ನಿಂತೋರು ನಿನಗಿಂತ ಮೊದಲೇ ಕೂಗ್ತಾರೆ. ಇದೂ ಹಾಗೇ ಕಣೇ. ನೋಡೋ ಕಣ್ಣು ಜಾಸ್ತಿ ಇದ್ದಷ್ಟೂ ತೂತು ಬೇಗ ಸಿಗುತ್ತೆ.”

“ದಂಡೆ ಮೇಲೆ ನಿಂತೋರಿಗೆ ಬಾಯಿ ಮಾತ್ರ ಇರೋದು” ಎಂದು ತ್ರೀನ್ ಗೊಣಗುತ್ತಾರೆ. ಆದರೂ ಮೇಜಿನ ಹತ್ತಿರಕ್ಕೆ ಬರುತ್ತಾರೆ.

ಗೆಪ್ಕೆ ಮನೆಯ ಸಾಮಾನುಗಳನ್ನು ಎರಡು ಪಂಗಡ ಮಾಡಿದ್ದಾರೆ. ದಂಪತಿಗಳ ಮೊಬೈಲು, ಲ್ಯಾಪ್‌ಟಾಪು ಒಂದು ಕಡೆ. ಟಿವಿ, ಬಾಗಿಲ ಗಂಟೆ, ಬಟ್ಟೆ ಯಂತ್ರ ಇನ್ನೊಂದು ಕಡೆ. ಈ ಕಡೆಯವರಿಗೆ ಆ ಕಡೆಯವರ ಮನೆಗೆ ಹೋಗುವ ಹಕ್ಕಿಲ್ಲ. ಹೊರಗಿನಿಂದ ತಾನಾಗಿ ಬರುವ ಯಾರಿಗೂ ಪ್ರವೇಶವಿಲ್ಲ. ಒಳಗಿನವರು ಕೇಳಿದ್ದಕ್ಕೆ ಉತ್ತರ ಮಾತ್ರ ಬರಬಹುದು.

“ಈಗ ಆ ಕಣ್ಣು ತಾ” ಎನ್ನುತ್ತಾರೆ ಗೆಪ್ಕೆ.

ತ್ರೀನ್ ಅಲುಗುವುದಿಲ್ಲ. “ಯಾಕೆ?”

“ಅದನ್ನ ಸೌದೆಗೂಡಲ್ಲಿ ಬಚ್ಚಿಟ್ಟಿರೋ ತನಕ ನೀನು ಪರದೆ ತೆಗೆಯೋಲ್ಲ. ಅದು ಕಣ್ಣು ಬಿಟ್ಕೊಂಡು ಕೂತಿದ್ರೂ ಒಂದು ಚಿತ್ರ ಈ ಮನೆ ದಾಟಬಾರದು. ಅದನ್ನ ನೀನೇ ನೋಡ್ಬೇಕು. ನನ್ನ ಮಾತು ನಂಬಬೇಡ.”

ತುಂಬ ಹೊತ್ತಾದ ಮೇಲೆ ಕಾಲುಚೀಲ ಬರುತ್ತದೆ. ತ್ರೀನ್ ಅದನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದಿದ್ದಾರೆ. ಕ್ಯಾಮೆರಾ ಮತ್ತೆ ಕಪಾಟಿನ ಮೇಲೇರುತ್ತದೆ. ಮೈಂಡರ್ಟ್ ಮೊಬೈಲಿನ ವೈಫೈ ಆಫ್ ಮಾಡಿ ಕಾಲುವೆಯ ದಂಡೆಗೆ ಹೋಗುತ್ತಾರೆ. ಅಲ್ಲಿಂದ ಮೊಬೈಲಿನಲ್ಲಿ ನೋಡಿದರೆ ಕೋಣೆ ಕಾಣಬಾರದು. ಗೆಪ್ಕೆ ಹೊಸ ನಿಯಮ ಬರೆಯುತ್ತಿದ್ದಾರೆ. ಟಿವಿ ಹೊರಗೆ ಹೋಗಲಿ, ಕ್ಯಾಮೆರಾ ಮಾತ್ರ ಬೇಡ.

“ಹೊರಗೆ ಹೋಗಬಾರದು” ಎನ್ನುತ್ತಾರೆ ತ್ರೀನ್, ಬೆನ್ನ ಹಿಂದೆ ನಿಂತು. “ಏನೇ ಆಗ್ಲಿ, ಹೊರಗೆ ಹೋಗಬಾರದು ಕಣೇ.”

“ಹೋಗಲ್ಲ.” ಗೆಪ್ಕೆ ಗುಂಡಿ ಒತ್ತುತ್ತಾರೆ. “ಮೈಂಡರ್ಟ್! ಏನು ಕಾಣುತ್ತೆ?”

ಹೊರಗಿನಿಂದ ದನಿ ತೇಲಿ ಬರುತ್ತದೆ: “ಬೊಂಕ್ ಕಾಣ್ತಿದ್ದಾನೆ! ಹಾಯಿ ಮೇಲೆ ಮಲಗಿದ್ದಾನೆ!”

ತ್ರೀನರ ಮುಖ ಹಾಲಿನಂತಾಗುತ್ತದೆ. ಹೊಲಿಗೆ ಯಂತ್ರದ ಹತ್ತಿರ ಹೋಗಿ ಅದರ ಮುಸುಕನ್ನು ಎಳೆದು ಮುಚ್ಚುತ್ತಾರೆ. “ಸಾಕು ಬಿಡು ಗೆಪ್ಕೆ. ನಿನ್ನ ಕೈಲಾದಷ್ಟು ಮಾಡಿದೆ. ಹಾಯಿ ಹೊಲಿಯೋಕೆ ಪಕ್ಕದೂರಲ್ಲೂ ಜನ ಇದ್ದಾರೆ.”

ಪಕ್ಕದೂರಲ್ಲಿ! ನಮ್ಮ ಹಾಯಿ!

ಗೆಪ್ಕೆ ನಿಯಮವನ್ನು ಮತ್ತೆ ಓದುತ್ತಾರೆ. ಹೆಸರು ಸರಿಯಿದೆ. ಕ್ಯಾಮೆರಾದ ವಿಳಾಸ ಸರಿಯಿದೆ. ತಡೆ ಎಂದೇ ಬರೆದಿದೆ. ಆದರೂ ಕ್ಯಾಮೆರಾದ ಮೂಗಿನ ಮೇಲಿನ ಹಸಿರು ದೀಪ ಮಿಣಮಿಣ ಎನ್ನುತ್ತಿದೆ.

ಆಗ ಕಾಲುವೆಯಲ್ಲಿ ದೋಣಿಯೊಂದರ ಕೊಂಬು ಕೂಗುತ್ತದೆ. ಗಂಟೆ ಬಡಿಯುತ್ತದೆ. ಅಡ್ಡಗಂಬ ಇಳಿಯುತ್ತದೆ. ದಂಡೆಯಲ್ಲಿ ನಿಂತ ಮೈಂಡರ್ಟ್ ತಲೆಮೇಲೆ ಕೈಹೊತ್ತು ಕೂಗುತ್ತಾರೆ: “ಹೋಯ್ತು! ಸೇತುವೆ ಮುಚ್ಚಿತು! ಟ್ಯಾಂಕರ್ ಆ ಕಡೆ ಇದೆ!”

“ಮುಚ್ಚಿಲ್ಲ ಕಣೋ, ನೀರಿಗೆ ತೆರೀತು ಅನ್ನು!” ಎಂದು ಗೆಪ್ಕೆ ಕೂತಲ್ಲಿಂದಲೇ ಹಳೇ ಚಾಳಿಯಲ್ಲಿ ಅರಚಿ, ತಟ್ಟನೆ ಲ್ಯಾಪ್‌ಟಾಪಿನತ್ತ ತಿರುಗುತ್ತಾರೆ.

ಇಲ್ಲೊಂದು ಮಾತು ಹೇಳಬೇಕು. ಸೇತುವೆ ತೆರೆಯಿತು ಎಂದರೆ ದೋಣಿಯವನಿಗೆ ದಾರಿ, ಸೈಕಲ್ಲಿನವನಿಗೆ ಗೋಡೆ. ಮುಚ್ಚಿತು ಎಂದರೆ ತಲೆಕೆಳಗು. ಈ ಒಂದು ಮಾತಿಗೆ ನಮ್ಮೂರಲ್ಲಿ ಮುರಿದ ಮದುವೆಗಳು ನೂರಾರು. ಅದಕ್ಕೇ ಗೆಪ್ಕೆ ಕಾವಲಿನ ಕಾಲದಲ್ಲಿ ತೆರೆದಿದೆ, ಮುಚ್ಚಿದೆ ಎನ್ನುತ್ತಲೇ ಇರಲಿಲ್ಲ. ಗುಡಿಸಲಿನ ಕಿಟಕಿಯಿಂದ ತಲೆ ಹೊರಹಾಕಿ “ನೀರಿಗೆ!” ಎಂದೋ “ನೆಲಕ್ಕೆ!” ಎಂದೋ ಕೂಗುತ್ತಿದ್ದರು. ಅವರು ದೋಣಿಯಲ್ಲೂ ಇಲ್ಲ, ರಸ್ತೆಯಲ್ಲೂ ಇಲ್ಲ, ಗುಡಿಸಲಲ್ಲಿ ಇದ್ದವರು.

“ಥೂ, ದಡ್ಡಿ ನಾನು” ಎಂದು ಗೆಪ್ಕೆ ಹಣೆ ಬಡಿದುಕೊಳ್ಳುತ್ತಾರೆ. “ತ್ರೀನ್, ಬಾ ಇಲ್ಲಿ. ನೋಡು. ಒಳಗೆ ಬರುವಾಗ ತಡೀಲಾ, ಹೊರಗೆ ಹೋಗುವಾಗ ತಡೀಲಾ ಅಂತ ಇದು ಕೇಳುತ್ತೆ. ನೀನು ಹೊರಗೆ ಹೊರಗೆ ಅಂತಿದ್ದೆ, ನಾನೂ ಹೊರಗೆ ಅಂತಲೇ ಒತ್ತಿಬಿಟ್ಟೆ. ನಿನ್ನ ಕುರ್ಚೀಲಿ ಕೂತು ಬರೆದೆ ಕಣೇ. ಪೆಟ್ಟಿಗೆ ಎಲ್ಲಿ ಕೂತಿದೆ? ನಡುವೆ! ಗುಡಿಸಲಲ್ಲಿ! ಕ್ಯಾಮೆರಾ ಕಳಿಸಿದ್ದು ಮನೆ ಲೆಕ್ಕದಲ್ಲಿ ಹೊರಗೆ ಹೋಗೋದು, ಪೆಟ್ಟಿಗೆ ಲೆಕ್ಕದಲ್ಲಿ ಒಳಗೆ ಬರೋದು.”

ಒಂದೇ ಒಂದು ಪದ ಬದಲಾಗುತ್ತದೆ. ಹೊರಗೆ ಎಂದಿದ್ದದ್ದು ಒಳಗೆ ಆಗುತ್ತದೆ.

“ಈಗ?” ಎಂದು ಮೈಂಡರ್ಟರನ್ನು ಕೂಗಿ ಕೇಳುತ್ತಾರೆ ತ್ರೀನ್.

“ಇನ್ನೂ ಕಾಣ್ತಿದ್ದಾನೆ! ಕಿವಿ ಕೆರ್ಕೊತಿದ್ದಾನೆ!”

“ಇರು, ಇರು.” ಈ ಸಲ ಗೆಪ್ಕೆ ಗಾಬರಿಯಾಗುವುದಿಲ್ಲ. “ದೋಣಿ ಆಗ್ಲೇ ಸೇತುವೆ ಕೆಳಗೆ ಹೊಕ್ಕುಬಿಟ್ಟಿದೆ. ಮೊದಲೇ ಹೊರಟಿದ್ದನ್ನ ಇದು ತಡೆಯೋಲ್ಲ, ದಾಟೋಕೆ ಬಿಡುತ್ತೆ. ಹೊಸದಾಗಿ ಬರೋದನ್ನಷ್ಟೇ ನಿಲ್ಸುತ್ತೆ. ಒಳ್ಳೇ ಕಾವಲುಗಾರ ದೋಣಿ ಮೇಲೆ ಸೇತುವೆ ಇಳಿಸ್ತಾನಾ? ಆದ್ರೆ ಈ ದೋಣಿಗೆ ಮರ್ಯಾದೆ ಬೇಡ.” ನಡೆಯುತ್ತಿರುವ ಸಂಪರ್ಕಗಳ ಪಟ್ಟಿ ತೆರೆದು, ಕ್ಯಾಮೆರಾದ್ದನ್ನು ಹುಡುಕಿ, ಅಳಿಸುತ್ತಾರೆ.

ಹೊರಗಿನಿಂದ ದನಿ ಬರುವುದಿಲ್ಲ. ತ್ರೀನ್ ಕಾಯುವುದಿಲ್ಲ. ಚಪ್ಪಲಿಯನ್ನೂ ಮೆಟ್ಟದೆ, ಕಾಲುಚೀಲದಲ್ಲೇ ಒದ್ದೆ ಇಟ್ಟಿಗೆಯ ಮೇಲೆ ದಂಡೆಗೆ ಓಡಿ ಗಂಡನ ಕೈಯಿಂದ ಮೊಬೈಲು ಕಸಿಯುತ್ತಾರೆ. ಅದರಲ್ಲಿ ಕಪ್ಪು ಚೌಕ. ಸಂಪರ್ಕವಿಲ್ಲ ಎಂಬ ಒಂದು ಸಾಲು. ಮೊಬೈಲನ್ನು ಅಲುಗಿಸಿ ನೋಡುತ್ತಾರೆ, ಅರ್ಧ ಕಾಲುವೆಯುದ್ದ ನಡೆದು ನೋಡುತ್ತಾರೆ, ಆಕಾಶಕ್ಕೆ ಹಿಡಿದು ನೋಡುತ್ತಾರೆ. ಕಪ್ಪೇ. ಒಳಗೆ ಬಂದರೆ ಕ್ಯಾಮೆರಾದ ಹಸಿರು ದೀಪ ಕೆಂಪಾಗಿದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದರ ಹಿಂದೊಂದು ಕೆಂಪು ಗೆರೆ ಬೀಳುತ್ತಿದೆ. ಒಂದೊಂದು ಗೆರೆಯೂ ಕ್ಯಾಮೆರಾ ಹೊರಟು, ಸೇತುವೆಗೆ ಬಂದು, ತಲೆ ತಗ್ಗಿಸಿ ವಾಪಸ್ ಹೋದದ್ದು.

ತ್ರೀನ್ ಕ್ಯಾಮೆರಾದ ಮುಂದೆ ನಿಂತು ಸೊಂಟದ ಮೇಲೆ ಕೈಯಿಡುತ್ತಾರೆ. “ಈಗ ಹೇಳೋ, ಇವತ್ತು ಯಾವ ಬಣ್ಣದ ಸ್ವೆಟರ್?”

ಕ್ಯಾಮೆರಾ ಸುಮ್ಮನಿದೆ. ಹಾಯಿಯ ಮೇಲಿಂದ ಬೊಂಕ್ ಬಾಲ ಬಡಿಯುತ್ತದೆ. ಮೈಂಡರ್ಟ್ ಬಾಗಿಲಲ್ಲಿ ನಿಂತು ನಗುತ್ತಾರೆ. ಅಡ್ಡಗಂಬ ಎದ್ದಿದೆ, ಟ್ಯಾಂಕರಿಗೆ ತಡವಾಗಿದೆ, ಆದರೂ ನಿಂತಿದ್ದಾರೆ.

ತ್ರೀನ್ ಕಿಟಕಿಯ ಹತ್ತಿರ ಹೋಗುತ್ತಾರೆ. ಪರದೆಯ ಅಂಚು ಹಿಡಿಯುತ್ತಾರೆ, ಬಿಡುತ್ತಾರೆ. “ಇವತ್ತು ಬೇಡ” ಎನ್ನುತ್ತಾರೆ. “ನೋಡೋಣ.”

ಗೆಪ್ಕೆ ಒತ್ತಾಯ ಮಾಡುವುದಿಲ್ಲ. ತಿರುಪುಮೊಳೆಗಳನ್ನು ಪಾದರಕ್ಷೆಗೆ ಸುರಿದುಕೊಂಡು, ಬೀರುವಿನ ಬಾಗಿಲು ಮುಚ್ಚಿ, ಅಲ್ಲಿದ್ದ ಕೊಡೆಯನ್ನು ಅಲ್ಲೇ ಬಿಟ್ಟು ಸೈಕಲ್ ಹತ್ತುತ್ತಾರೆ. ಇಷ್ಟು ಮಾಡಿದವರಿಗೆ ಊರು ಏನು ಕೊಡಬೇಕು? ಪ್ರತಿಮೆಯನ್ನು ಕೊಡಬೇಕು, ಅದೂ ಗಾಳಿಯಂತ್ರದಷ್ಟು ಎತ್ತರದ್ದು. ಗೆಪ್ಕೆಯ ಆಸೆ ಅದಕ್ಕಿಂತ ಸ್ವಲ್ಪ ಸಣ್ಣದು. “ಪಂದ್ಯದ ದಿನ ಆ ಹಾಯಿ ಸೇತುವೆ ದಾಟಬೇಕಾದ್ರೆ ಗುಡಿಸಲ ಹತ್ರ ಒಂದು ಕುರ್ಚಿ ಹಾಕ್ಕೊಂಡು ಕೂತಿರಬೇಕು. ಗುಂಡಿ ಬೇರೆ ಯಾರಾದ್ರೂ ಒತ್ಲಿ ಬಿಡಿ. ನಾನು ‘ನೀರಿಗೆ’ ಅಂತ ಕೂಗಬೇಕು, ಅಷ್ಟೇ.”

ಮೂರು ದಿನ ಬಿಟ್ಟು, ಬಿಸಿಲೇರಿದ ಬೆಳಿಗ್ಗೆ, ಇಪ್ಪತ್ತನೆಯ ಮನೆಯ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಗೆಪ್ಕೆ ಅದೇ ಬೀದಿಯಲ್ಲಿ ಹೊರಟಿದ್ದಾರೆ. ತ್ರೀನರ ಮನೆ ಬರುತ್ತದೆ. ಗೆಪ್ಕೆಯ ಕತ್ತು ಒಂದು ಎಳೆಯೂ ತಿರುಗುವುದಿಲ್ಲ. ಕಣ್ಣು ರಸ್ತೆಯ ಮೇಲೆ. ಸೈಕಲ್ಲು ನಿಧಾನಿಸುವುದಿಲ್ಲ. ಮನೆ ಹಿಂದಾಗುತ್ತದೆ.

ಪರದೆ ತೆಗೆದಿದ್ದಾರಾ, ನೋಡಿದಿರಾ ಎಂದು ಕೇಳಿದರೆ ಗೆಪ್ಕೆಗೆ ಸಿಟ್ಟೇ ಬರುತ್ತದೆ. “ಛೆ, ಇನ್ನೊಬ್ಬರ ಮನೆ ಒಳಗೆ ನೋಡೋದುಂಟೇ?”

ಸೇತುವೆಯ ಏರು ಹತ್ತಿದ ಮೇಲೆ ಹೇಳುತ್ತಾರೆ:

“ಹೊಲಿಗೆ ಯಂತ್ರ ಕೇಳಿಸ್ತು. ಬೀದಿ ಆ ತುದಿಯಿಂದ ಈ ತುದಿ ತನಕ, ಒಂದು ಸಲಾನೂ ನಿಲ್ಲಲಿಲ್ಲ.”